ಊದುಬತ್ತಿಯ ಹೊಗೆಯಿಂದ ದೆಹಲಿಯ ಮಂಜಿನವರೆಗೆ
ಪ್ರೊ. ರೊದ್ದಂ ನರಸಿಂಹ ಅವರ ಸಂಶೋಧನೆಯ ಸುತ್ತ

ದೇವರ ಮನೆಯಲ್ಲಿ ಅಮ್ಮ ಊದುಬತ್ತಿ ಹಚ್ಚಿಟ್ಟು ಹೋದ ಮೇಲೆ, ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿ, ಒಂದೆರಡು ನಿಮಿಷ ಅದರ ಹೊಗೆಯನ್ನೇ ನೋಡುತ್ತಾ ಕೂತಿದ್ದೀರಾ? ಬತ್ತಿಯ ತುದಿಯಿಂದ ಹೊರಟ ಹೊಗೆ ಗೇಣುದ್ದ ದಾರದಂತೆ ನೆಟ್ಟಗೆ ಏರುತ್ತದೆ. ಆಮೇಲೆ ಏನಾಯಿತೋ ಎಂಬಂತೆ ಒಮ್ಮೆ ಬಳುಕಿ, ಸುರುಳಿ ಸುತ್ತಿ, ಚದುರಿ ಹೋಗುತ್ತದೆ. ಯಾರೂ ಊದಲಿಲ್ಲ, ಯಾರೂ ಕೈಯಾಡಿಸಲಿಲ್ಲ. ಹಾಗಾದರೆ ದಾರ ಕಡಿದದ್ದು ಏಕೆ? ಆ ಗೇಣುದ್ದದ ತುದಿಯಲ್ಲೇ ಏಕೆ?

ಕೇಳಲು ಮಕ್ಕಳ ಪ್ರಶ್ನೆಯಂತಿದೆ. ಆದರೆ ಇದಕ್ಕೆ ಪೂರ್ತಿ ಉತ್ತರ ಇಂದಿಗೂ ಯಾರಲ್ಲೂ ಇಲ್ಲ. ನೀರು, ಗಾಳಿಗಳ ಹರಿವನ್ನು ಹೇಳುವ ನೇವಿಯರ್–ಸ್ಟೋಕ್ಸ್ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಸಿಕ್ಕಿವೆ. ಅವುಗಳ ಬಗೆಗಿನ ಒಂದು ಮೂಲಭೂತ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಸಾರಿತು. ಆ ಹಣವನ್ನು ಇನ್ನೂ ಯಾರೂ ಪಡೆದಿಲ್ಲ. ನಿಮ್ಮಲ್ಲಿ ಯಾರಾದರೂ ಜೆಇಇ ಕೋಚಿಂಗ್‌ನ ನಡುವೆ ಬಿಡುವು ಮಾಡಿಕೊಂಡು ಪ್ರಯತ್ನಿಸಬಹುದು!

ಈ ಕಡಿದ ದಾರದ ಹಿಂದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿದ್ದ ಕನ್ನಡಿಗರೊಬ್ಬರ ಕಥೆಯನ್ನು ನಿಮಗೆ ಹೇಳಬೇಕೆನಿಸಿದೆ. ಅವರು ಪ್ರೊ. ರೊದ್ದಂ ನರಸಿಂಹ. ಹುಟ್ಟಿದ್ದು 1933ರ ಜುಲೈ 20ರಂದು, ತೀರಿಕೊಂಡದ್ದು 2020ರ ಡಿಸೆಂಬರ್ 14ರಂದು. ದೆಹಲಿಯಲ್ಲಿ ಬೆಳೆಯುತ್ತಿರುವ ನಿಮಗೆ ಬೆಂಗಳೂರಿನ ವಿಜ್ಞಾನಿಯಿಂದ ಏನು ಎಂದು ಕೇಳಬೇಡಿ. ನಮ್ಮ ಚಳಿಗಾಲದ ಕೆಮ್ಮಿಗೂ ಅವರ ಸಂಶೋಧನೆಗೂ ನಂಟಿದೆ. ಅಲ್ಲಿಗೆ ಬರುವ ಮೊದಲು ಶಾಖದ ವಿಷಯ ಒಂದಿಷ್ಟು ನೋಡೋಣ.

ನೆಟ್ಟಗೆ ಏರುವ ಹೊಗೆಯಂತಹ ಹರಿವಿನಲ್ಲಿ ಗಾಳಿಯ ಪದರಗಳು ಒಂದರ ಮೇಲೊಂದು ಜಾರುತ್ತಾ ಶಿಸ್ತಾಗಿ ಸಾಗುತ್ತವೆ. ಇದಕ್ಕೆ ಲ್ಯಾಮಿನಾರ್ ಹರಿವು ಎನ್ನುತ್ತಾರೆ. ಸುರುಳಿ ಸುತ್ತಿ ಚದುರುವುದು ಟರ್ಬುಲೆಂಟ್ ಹರಿವು. ಕನ್ನಡದಲ್ಲಿ ಪ್ರಕ್ಷುಬ್ಧ ಹರಿವು ಎನ್ನಬಹುದು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ನಡುವೆ ಬಣ್ಣದ ಎಳೆಯೊಂದನ್ನು ಬಿಟ್ಟು, ನೀರಿನ ವೇಗ ಹೆಚ್ಚಿದಂತೆ ಆ ಎಳೆ ಒಮ್ಮೆಲೇ ಚೆದುರುವುದನ್ನು ತೋರಿಸಿದ. ನಿಮ್ಮ ಅಡುಗೆಮನೆಯ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ನೀರು ಗಾಜಿನ ಕಡ್ಡಿಯಂತೆ ಇಳಿಯುತ್ತದೆ, ಪೂರ್ತಿ ತಿರುಗಿಸಿದರೆ ಕಲಕಿಕೊಂಡು ಬೀಳುತ್ತದೆ. ರೆನಾಲ್ಡ್ಸ್ ನೋಡಿದ್ದೂ ಇಂಥದ್ದನ್ನೇ.

ಶಾಖದ ಮಟ್ಟಿಗೆ ಈ ಎರಡು ಹರಿವುಗಳಿಗೆ ಅಜಗಜಾಂತರ. ಪದರದ ಹರಿವಿನಲ್ಲಿ ಶಾಖ ದಾಟುವುದು ಬಾವಿಯಿಂದ ಸಾಲಾಗಿ ನಿಂತವರು ಕೈಯಿಂದ ಕೈಗೆ ಚೊಂಬು ದಾಟಿಸಿದ ಹಾಗೆ, ನಿಧಾನವಾಗಿ, ಅಣುವಿನಿಂದ ಅಣುವಿಗೆ. ಪ್ರಕ್ಷುಬ್ಧ ಹರಿವಿನಲ್ಲಿ ಸುಳಿಗಳೇ ಬಿಸಿಯ ಮುದ್ದೆಗಳನ್ನು ಹೊತ್ತುಕೊಂಡು ಓಡುತ್ತವೆ. ಅಜ್ಜಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಎತ್ತಿ ಹೊಯ್ದು ಆರಿಸುವಾಗ ಬಳಸುತ್ತಿರುವುದು ಈ ವಿಜ್ಞಾನವನ್ನೇ. ಒಂದು ಹರಿವು ಎಲ್ಲಿ ಶಿಸ್ತು ಬಿಡುತ್ತದೆ ಎಂದು ಗೊತ್ತಾದರೆ ಅಲ್ಲಿ ಎಷ್ಟು ಶಾಖ ದಾಟುತ್ತದೆ ಎಂಬುದೂ ಗೊತ್ತಾಗುತ್ತದೆ. ನರಸಿಂಹ ಅವರು ಜೀವಮಾನವಿಡೀ ಕಾವಲು ಕೂತದ್ದು ಈ ಗಡಿಯಲ್ಲಿ.

ರೊದ್ದಂ ಎನ್ನುವುದು ಅವರ ಹಿರಿಯರ ಊರಿನ ಹೆಸರು. ಆಂಧ್ರದ ಹಳೆಯ ಅನಂತಪುರ ಜಿಲ್ಲೆಯಲ್ಲಿ, ನಮ್ಮ ಗಡಿಗೆ ಹತ್ತಿರದಲ್ಲೇ ಇದೆ. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅಷ್ಟೇ ಅಲ್ಲ, ವಿಜ್ಞಾನವನ್ನು ಕನ್ನಡದಲ್ಲಿ ಬರೆದ ಹಿರಿಯರಲ್ಲಿ ಅವರೊಬ್ಬರು. ‘ಜಗತ್ತುಗಳ ಹುಟ್ಟು ಸಾವು’ ಎಂಬ ಅವರ ಪುಸ್ತಕದ ಹೆಸರನ್ನು ನಿಮ್ಮ ತಾತಂದಿರು ಕೇಳಿರಬಹುದು. ಇದನ್ನು ಹೇಳಲು ಕಾರಣವಿದೆ. ದೆಹಲಿಯ ನಮ್ಮ ಮನೆಗಳಲ್ಲಿ ಕನ್ನಡವೆಂದರೆ ಅಜ್ಜಿಯ ಜೊತೆ ಫೋನಿನಲ್ಲಿ ನಾಲ್ಕು ಮಾತು, ಯುಗಾದಿ, ನವೆಂಬರಿನ ರಾಜ್ಯೋತ್ಸವದ ಹಾಡು. ಫಿಸಿಕ್ಸ್ ಎಂದರೆ ಇಂಗ್ಲಿಷು, ಗೆಳೆಯರೆಂದರೆ ಹಿಂದಿ. ನರಸಿಂಹ ಅವರು ಬೆಳೆದ ಮನೆಯಲ್ಲಿ ನಕ್ಷತ್ರಗಳ ಹುಟ್ಟು ಸಾವು ಕೂಡ ಕನ್ನಡದಲ್ಲೇ ನಡೆಯುತ್ತಿತ್ತು.

1953ರಲ್ಲಿ ಅವರು ಬೆಂಗಳೂರಿನಲ್ಲೇ, ಇಂದು ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪದವಿ ಮುಗಿಸಿದರು. ಆ ಕಾಲಕ್ಕೆ ರೈಲ್ವೆ ಕೆಲಸವೆಂದರೆ ಇಂದಿನ ಸಾಫ್ಟ್‌ವೇರ್ ಕೆಲಸದಂತೆ, ಮನೆಮಂದಿಗೆಲ್ಲ ನೆಮ್ಮದಿ. ಆದರೆ ಈ ಹುಡುಗನ ತಲೆಯಲ್ಲಿ ಇದ್ದದ್ದು ಟಾಟಾ ಇನ್‌ಸ್ಟಿಟ್ಯೂಟಿನ ಅಂಗಳದಲ್ಲಿ ಕಂಡ ಒಂದು ಸ್ಪಿಟ್‌ಫೈರ್ ವಿಮಾನ. (ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವುದು.) ಅಲ್ಲಿ ಏರೋನಾಟಿಕ್ಸ್ ಸೇರಿದಾಗ ಸಿಕ್ಕ ಗುರು ಸತೀಶ್ ಧವನ್, ಮುಂದೆ ಇಸ್ರೋ ಕಟ್ಟಿ ಬೆಳೆಸಿದವರು.

ನರಸಿಂಹ ಅವರ ಮೊದಲ ಮುಖ್ಯ ಕೆಲಸ 1957ರದು. ಆಗ ಅವರಿಗೆ ಇಪ್ಪತ್ತನಾಲ್ಕು. ರೆಕ್ಕೆಯ ಮೇಲೆ ಹರಿಯುವ ಗಾಳಿಯ ತೆಳು ಪದರ ಶಿಸ್ತಿನಿಂದ ಪ್ರಕ್ಷುಬ್ಧತೆಗೆ ಒಮ್ಮೆಲೇ ಜಿಗಿಯುವುದಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಕಲಕಿದ ಮಚ್ಚೆ ಹುಟ್ಟಿ, ಹರಿವಿನೊಂದಿಗೆ ಸಾಗುತ್ತಾ ಹಿಗ್ಗಿ, ಒಂದರೊಡನೊಂದು ಕೂಡಿಕೊಳ್ಳುತ್ತದೆ ಎಂದು ಅಮೆರಿಕದ ಎಮ್ಮನ್ಸ್ 1951ರಲ್ಲಿ ಹೇಳಿದ್ದ. ಒಣಗಿದ ಕಲ್ಲುಚಪ್ಪಡಿಯ ಅಂಗಳಕ್ಕೆ ಮಳೆ ಶುರುವಾಗುವುದನ್ನು ನೆನಪಿಸಿಕೊಳ್ಳಿ. ಹನಿಗಳು ಎಲ್ಲೆಂದರಲ್ಲಿ ಬಿದ್ದು, ಕಲೆಗಳು ಕೂಡಿಕೊಂಡು, ಕೊನೆಗೆ ಅಂಗಳವೆಲ್ಲ ಒದ್ದೆ. ಎಮ್ಮನ್ಸನ ಚಿತ್ರ ಹೀಗಿತ್ತು. ಆದರೆ ಅಳತೆಗಳು ಇದಕ್ಕೆ ಸರಿಹೊಂದುತ್ತಿರಲಿಲ್ಲ. ನರಸಿಂಹ ಅವರು ಹೇಳಿದ್ದು: ಇದು ಬಯಲಿನ ಮಳೆಯಲ್ಲ, ಹೆಂಚಿನ ಸೂರಿನ ನೀರು. ಉಪಮೆ ನನ್ನದು, ವಿಚಾರ ಅವರದು. ಸೂರಿನ ಹನಿಗಳು ಬೀಳುವುದು ಒಂದೇ ಗೆರೆಯ ಮೇಲೆ. ಯಾವ ಹನಿ ಯಾವಾಗ, ಯಾವ ಜಾಗದಲ್ಲಿ ಬೀಳುತ್ತದೆಂದು ಹೇಳಲಾಗದಿದ್ದರೂ ಗೆರೆ ಮಾತ್ರ ಅದೇ. ಮಚ್ಚೆಗಳೆಲ್ಲ ಒಂದು ಕಿರಿದಾದ ಪಟ್ಟಿಯಲ್ಲಿ ಹುಟ್ಟಿ ಮುಂದೆ ಹರಿಯುತ್ತವೆ ಎಂದು ಲೆಕ್ಕ ಹಾಕಿದಾಗ ಅಳತೆಗಳು ಒಂದೇ ವಕ್ರರೇಖೆಯ ಮೇಲೆ ಬಂದು ಕೂತವು. ಮರುವರ್ಷ ಧವನ್ ಮತ್ತು ನರಸಿಂಹ ಇಬ್ಬರೂ ಸೇರಿ ಪ್ರಕಟಿಸಿದ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ.

ಇದರಿಂದ ಏನು ಪ್ರಯೋಜನ ಎಂದು ನಿಮ್ಮ ತಂದೆ ಕೇಳಿದರೆ ಪಾಲಂ ಕಡೆ ಕೈತೋರಿಸಿ. ಅಲ್ಲಿ ಏರುವ ಪ್ರತಿಯೊಂದು ಜೆಟ್ ವಿಮಾನದ ಎಂಜಿನಿನೊಳಗೆ ತಿರುಗುವ ಟರ್ಬೈನ್ ಅಲಗುಗಳ ಮೇಲೆ ಹಾಯುವ ಅನಿಲದ ಬಿಸಿ, ಆ ಅಲಗಿನ ಲೋಹ ಕರಗುವ ಬಿಸಿಗಿಂತ ಹೆಚ್ಚು. ಅಲಗು ಕರಗದೆ ಉಳಿಯುವುದು ಅದರೊಳಗೆ ಕೊರೆದ ಸಣ್ಣ ದಾರಿಗಳಲ್ಲಿ ತಂಪು ಗಾಳಿ ಹರಿಸುವುದರಿಂದ. ಅಲಗಿನ ಮೇಲೆ ಹರಿವು ಎಲ್ಲಿ ಪ್ರಕ್ಷುಬ್ಧವಾಗುತ್ತದೋ ಅಲ್ಲಿಂದ ಶಾಖದ ಹೊಡೆತ ಹಲವು ಪಟ್ಟು ಏರುತ್ತದೆ. ಆ ಗೆರೆ ಎಲ್ಲಿದೆಯೆಂದು ಅಂದಾಜಿಸುವುದರಲ್ಲಿ ತಪ್ಪಿದರೆ ಅಲಗಿನ ಆಯುಷ್ಯವೇ ಕುಗ್ಗುತ್ತದೆ.

1957ರಲ್ಲಿ ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ಗೆ, ಧವನ್ ಅವರ ಗುರುವೂ ಆಗಿದ್ದ ಹಾನ್ಸ್ ಲೀಪ್‌ಮನ್ ಬಳಿಗೆ ಹೋದರು. ಅದೇ ಅಕ್ಟೋಬರಿನಲ್ಲಿ ರಷ್ಯದ ಸ್ಪುಟ್ನಿಕ್ ಹಾರಿತು. ಅಮೆರಿಕದ ಏರೋನಾಟಿಕ್ಸ್ ಇಲಾಖೆಗಳೆಲ್ಲ ಆಕಾಶದತ್ತ ಮುಖ ತಿರುಗಿಸಿದವು. ನರಸಿಂಹ ಅವರ ಪಿಎಚ್.ಡಿ. (1961) ಕೂಡ ಬಹಳ ಎತ್ತರದಲ್ಲಿರುವ ವಿರಳ ಅನಿಲಗಳ ಬಗ್ಗೆ. 1962ರಲ್ಲಿ ಅವರು ಬೆಂಗಳೂರಿಗೆ ಹಿಂತಿರುಗಿದರು. ಹೊರಗೆ ಹೋದವರೆಲ್ಲ ಬರಬೇಕು ಎಂದು ನಾನು ಹೇಳುತ್ತಿಲ್ಲ. ದೆಹಲಿಯಲ್ಲಿ ಕೂತ ನಾವೇ ಊರು ಬಿಟ್ಟವರು, ಆ ಉಪದೇಶಕ್ಕೆ ನಮಗೆ ಅಧಿಕಾರವಿಲ್ಲ. ಆದರೆ ಹಿಂತಿರುಗಿದ್ದರಿಂದ ಅವರ ಪ್ರಶ್ನೆಗಳೇ ಬದಲಾದವು ಎಂಬುದನ್ನು ಮುಂದೆ ನೋಡುತ್ತೀರಿ.

ಬೆಂಗಳೂರಿನಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ತಲೆಕೆಳಗಾದದ್ದು. ಚೆದುರಿದ ಹೊಗೆ ಮತ್ತೆ ದಾರವಾಗಬಲ್ಲುದೇ? ಪ್ರಕ್ಷುಬ್ಧ ಹರಿವು ತಾನಾಗಿ ಶಾಂತವಾಗುತ್ತದೆಯೇ? ಆಗುತ್ತದೆ. ಅವರೂ ಅವರ ಶಿಷ್ಯ ಕೆ. ಆರ್. ಶ್ರೀನಿವಾಸನ್ ಅವರೂ ಸೇರಿ 1973ರಲ್ಲಿ ಮತ್ತು ವಿವರವಾಗಿ 1979ರಲ್ಲಿ ಇದನ್ನು ಬಿಡಿಸಿಟ್ಟರು. ನಾಜಲ್‌ನಂತಹ ಕಿರಿದಾಗುವ ದಾರಿಯಲ್ಲಿ ಗಾಳಿಯನ್ನು ಥಟ್ಟನೆ ವೇಗಕ್ಕೆ ತಳ್ಳಿದರೆ ಸುಳಿಗಳು ಸೊರಗುತ್ತವೆ, ಶಾಖದ ಸಾಗಾಟವೂ ಇಳಿಯುತ್ತದೆ. ನೇರ ಕೊಳವೆಯಲ್ಲಿ ಕಲಕಿಕೊಂಡು ಬಂದ ನೀರು ಸುರುಳಿ ಕೊಳವೆಗೆ ಇಳಿದಾಗ ಬಣ್ಣದ ಎಳೆ ಮತ್ತೆ ಎಳೆಯಾಗಿಯೇ ಸಾಗುವುದುಂಟು. ನಮಗೆ ಮುಖ್ಯವಾದದ್ದು ಮೂರನೆಯ ಬಗೆ. ಕೆಳಗೆ ತಣ್ಣನೆಯ ಭಾರದ ಗಾಳಿ, ಮೇಲೆ ಬೆಚ್ಚನೆಯ ಹಗುರ ಗಾಳಿ ಇದ್ದರೆ, ಸುಳಿಯೊಂದು ಮೇಲೇಳಲು ಭಾರವನ್ನು ಹೊರಬೇಕಾಗುತ್ತದೆ. ಹೊತ್ತು ಹೊತ್ತು ಸುಸ್ತಾಗಿ ಅದು ಸಾಯುತ್ತದೆ.

ಇನ್ನು ಡಿಸೆಂಬರಿನ ಒಂದು ರಾತ್ರಿ ನಿಮ್ಮ ಬಾಲ್ಕನಿಗೆ ಬನ್ನಿ. ಕೆಳಗೆ ಚೌಕೀದಾರ ಕಸಕಡ್ಡಿ ಒಟ್ಟಿ ಬೆಂಕಿ ಕಾಯಿಸುತ್ತಿದ್ದಾನೆ. ಅವನ ಹೊಗೆ ಎರಡನೆಯ ಮಹಡಿಯವರೆಗೆ ಏರಿ, ಅಲ್ಲಿಂದ ಮುಂದೆ ಹೋಗಲಾರದೆ, ಒಣಹಾಕಿದ ಸೀರೆಯಂತೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗಿದೆ. ನೆಲಕ್ಕಂಟಿದ ಗಾಳಿಯೂ ತಣ್ಣಗಾಗಿ ಭಾರವಾಗಿದೆ. ಸುಳಿಗಳು ಸತ್ತಿವೆ. ಮೇ ತಿಂಗಳ ಮಧ್ಯಾಹ್ನ ಇದೇ ಊರಿನಲ್ಲಿ ನೆಲದಿಂದೆದ್ದ ಸುಳಿಗಳು ಎರಡು ಮೂರು ಕಿಲೋಮೀಟರು ಎತ್ತರದವರೆಗೆ ಹೊಗೆ, ಧೂಳುಗಳನ್ನು ಕಲಸಿ ತೆಳುವಾಗಿಸುತ್ತವೆ. ಚಳಿಗಾಲದ ರಾತ್ರಿ ಆ ಎತ್ತರ ನೂರಿನ್ನೂರು ಮೀಟರಿಗೆ ಕುಸಿಯುತ್ತದೆ. ಬಸ್ಸು ಲಾರಿಗಳ ಹೊಗೆ, ಹೊಲದಲ್ಲಿ ಸುಟ್ಟ ಕೂಳೆಯ ಹೊಗೆ, ಎಲ್ಲವೂ ಈ ಗಿಡ್ಡ ಕೋಣೆಯಲ್ಲೇ ಇರಬೇಕು, ನಾವೂ ಅಲ್ಲೇ ಉಸಿರಾಡಬೇಕು. 2016ರ ನವೆಂಬರಿನಲ್ಲಿ ಶಾಲೆಗಳಿಗೆ ಮೂರು ದಿನ ರಜೆ ಕೊಟ್ಟದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ರಜೆಯ ಸಂತೋಷ ಪಡಲು ಹೊರಗೆ ಆಡುವಂತಿರಲಿಲ್ಲ.

ಎಲ್ಲ ತಪ್ಪೂ ಹವೆಯದೇ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಹವೆ ಮುಚ್ಚಳ ಹಾಕುತ್ತದೆ, ನಿಜ. ಪಾತ್ರೆಗೆ ಹೊಗೆ ತುಂಬುವವರು ನಾವು. 2021ರ ಆಗಸ್ಟಿನಲ್ಲಿ ಕನಾಟ್ ಪ್ಲೇಸ್ ಬಳಿ ಸುಮಾರು 24 ಮೀಟರ್ ಎತ್ತರದ ಗಾಳಿ ಶೋಧಿಸುವ ಗೋಪುರವನ್ನು ಉದ್ಘಾಟಿಸಿದರು. ಸೆಕೆಂಡಿಗೆ 1000 ಘನ ಮೀಟರ್ ಗಾಳಿ ಶುದ್ಧಮಾಡುತ್ತದೆ ಎಂದು ಹೇಳಲಾಯಿತು. ದೊಡ್ಡ ಸಂಖ್ಯೆ ಕಂಡೊಡನೆ ಬೆರಗಾಗಬೇಡಿ, ಪೆನ್ಸಿಲು ತೆಗೆದುಕೊಳ್ಳಿ. ದೆಹಲಿಯ ವಿಸ್ತೀರ್ಣ 1483 ಚದರ ಕಿಲೋಮೀಟರು. ಅದರ ಮೇಲಿನ ಗಾಳಿಯನ್ನು ಕೇವಲ ನೂರು ಮೀಟರ್ ಎತ್ತರದವರೆಗೆ ಲೆಕ್ಕ ಹಾಕಿದರೂ ಸುಮಾರು 14,800 ಕೋಟಿ ಘನ ಮೀಟರು. ಭಾಗಿಸಿ ನೋಡಿದರೆ, ಒಮ್ಮೆ ಶೋಧಿಸಿ ಮುಗಿಸಲು ಆ ಗೋಪುರಕ್ಕೆ ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು ಬೇಕು, ಅದೂ ನಡುವೆ ಯಾರೂ ಹೊಸ ಹೊಗೆ ಬಿಡದಿದ್ದರೆ. ಹರಿವಿನ ವಿಜ್ಞಾನ ಬಲ್ಲವರಿಗೆ ಇಂತಹ ಯೋಜನೆಗಳು ಏಕೆ ರುಚಿಸುವುದಿಲ್ಲ ಎಂಬುದು ಈ ಒಂದು ಭಾಗಾಕಾರದಲ್ಲೇ ಇದೆ.

ರಾತ್ರಿಯ ನೆಲದ ಬಗ್ಗೆ ಇನ್ನೊಂದು ಸೋಜಿಗವಿದೆ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ಎಲ್ಲಕ್ಕಿಂತ ತಣ್ಣಗಿರುವುದು ನೆಲವೇ ಎಂದು ಪುಸ್ತಕಗಳು ಹೇಳುತ್ತಿದ್ದವು. 1932ರಲ್ಲಿ ಎಲ್. ಎ. ರಾಮದಾಸ್ ಮತ್ತು ಆತ್ಮನಾಥನ್ ಎಂಬಿಬ್ಬರು ಭಾರತೀಯ ಹವಾಮಾನ ವಿಜ್ಞಾನಿಗಳು ಹಾಗಲ್ಲ ಎಂದರು. ಅತ್ಯಂತ ತಣ್ಣನೆಯ ಗಾಳಿ ನೆಲದಿಂದ ಒಂದಿಷ್ಟು ಸೆಂಟಿಮೀಟರು ಮೇಲಿರುತ್ತದೆ, ನೆಲಕ್ಕಿಂತ ಕೆಲವು ಡಿಗ್ರಿ ಕಡಿಮೆ ಇರುತ್ತದೆ ಎಂಬುದು ಅವರ ಅಳತೆ. ಭಾರದ ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಯ ಮೇಲೆ ಕೂತಿರುವುದೆಂದರೆ ಬಿಂದಿಗೆಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ ನೀರು ಚೆಲ್ಲುವುದಿಲ್ಲ ಎಂದ ಹಾಗೆ. ಉಪಕರಣದ ದೋಷವಿರಬೇಕು ಎಂದವರಿದ್ದರು. ಅಳತೆ ಸರಿಯೆಂದು ಮುಂದೆ ಬೇರೆಯವರೂ ಕಂಡುಕೊಂಡರು, ಆದರೆ ಕಾರಣ ಮಾತ್ರ ಅರವತ್ತು ವರ್ಷ ಹಾಗೇ ಉಳಿಯಿತು.

1993ರಲ್ಲಿ ಬೆಂಗಳೂರಿನ ಎ. ಎಸ್. ವಾಸುದೇವಮೂರ್ತಿ, ಜೆ. ಶ್ರೀನಿವಾಸನ್ ಮತ್ತು ನರಸಿಂಹ ಒಂದು ಸಿದ್ಧಾಂತ ಮುಂದಿಟ್ಟರು. ನೆಲವೂ ಗಾಳಿಯೂ ಶಾಖವನ್ನು ವಿಕಿರಣವಾಗಿ ಹೊರಗೆಡಹುತ್ತವೆ. ನೆಲಕ್ಕೆ ತೀರ ಹತ್ತಿರದ ಗಾಳಿ ಹೀಗೆ ಕಳೆದುಕೊಳ್ಳುವ ಶಾಖ ಹೆಚ್ಚಾಗಿದ್ದು, ಅದನ್ನು ತುಂಬಿಕೊಡುವ ಸುಳಿಗಳು ಇಲ್ಲದಿದ್ದರೆ, ತಣ್ಣನೆಯ ಪದರ ಗಾಳಿಯಲ್ಲೇ ಏರ್ಪಡುತ್ತದೆ. ನೆಲದ ಗುಣ, ಅದು ತಣಿಯುವ ವೇಗ ಎರಡೂ ಲೆಕ್ಕಕ್ಕೆ ಬರುತ್ತವೆ. ಕೆಲವು ವರ್ಷಗಳ ನಂತರ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದವರ ಪ್ರಯೋಗಗಳು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಪಾತ್ರವೇ ದೊಡ್ಡದು ಎಂದು ಸೂಚಿಸಿದವು. ವಾದ ಮುಂದುವರಿಯಿತು. ಶಿಷ್ಯವರ್ಗ, ಸಹೋದ್ಯೋಗಿಗಳೇ ತಮ್ಮ ಲೆಕ್ಕವನ್ನು ತಿದ್ದುವಂತಹ ವಾತಾವರಣ ಕಟ್ಟಿದ್ದು ಅವರ ಹೆಗ್ಗಳಿಕೆ ಎಂದೇ ನಾನು ಎಣಿಸುತ್ತೇನೆ. ಮಂಜು ಕಟ್ಟುವುದು ಇಂತಹ ನಿಶ್ಚಲ ರಾತ್ರಿಗಳಲ್ಲೇ ಆದ್ದರಿಂದ ಇದು ಬರೀ ಕುತೂಹಲದ ವಿಷಯವೂ ಅಲ್ಲ. ಮಂಜಿಗಾಗಿ ವಿಮಾನ ತಡವಾಗಿ ಪಾಲಂನಲ್ಲಿ ರಾತ್ರಿ ಕಳೆದವರು ನಮ್ಮಲ್ಲಿ ಎಷ್ಟು ಮಂದಿ! 2015ರ ಚಳಿಗಾಲದಿಂದ ಅದೇ ವಿಮಾನ ನಿಲ್ದಾಣದಲ್ಲಿ ಭೂವಿಜ್ಞಾನ ಸಚಿವಾಲಯ ವೈಫೆಕ್ಸ್ ಎಂಬ ಮಂಜಿನ ಪ್ರಯೋಗವನ್ನು ಆರಂಭಿಸಿತು.

ಊರಿನ ಹವೆಯ ಪ್ರಶ್ನೆಗಳು ಹೀಗೆ ಒಂದರಿಂದೊಂದು ಬೆಳೆದವು. 1990ರಲ್ಲಿ ರಾಜಸ್ಥಾನದಿಂದ ಬಂಗಾಳದವರೆಗೆ ಚಾಚಿದ ಮುಂಗಾರಿನ ತಗ್ಗಿನುದ್ದಕ್ಕೂ ಜೋಧಪುರ, ಖರಗಪುರ ಮುಂತಾದೆಡೆ ಗೋಪುರ ನಿಲ್ಲಿಸಿ ಅಳೆದ ಮಾಂಟ್‌ಬ್ಲೆಕ್ಸ್ ಪ್ರಯೋಗದ ಹಿಂದೆ ಅವರಿದ್ದರು. ಆ ಅಳತೆಗಳಿಂದ ಅವರೂ ಕೆ. ಜಿ. ರಾವ್ ಅವರೂ 2006ರಲ್ಲಿ ಹೊರತೆಗೆದದ್ದು: ಗಾಳಿ ಬಹಳ ಮೆಲ್ಲಗಿರುವಾಗ ನೆಲದಿಂದ ಮೇಲೇರುವ ಶಾಖಕ್ಕೂ ಗಾಳಿಯ ವೇಗಕ್ಕೂ ಸಂಬಂಧವಿಲ್ಲವೆನ್ನಬಹುದು, ನಿರ್ಧರಿಸುವುದು ನೆಲ-ಗಾಳಿಗಳ ಉಷ್ಣತೆಯ ಅಂತರ. ಗಾಳಿ ಮೆಲ್ಲಗಿದ್ದರೆ ಶಾಖವೂ ಏರದು ಎನ್ನುವ ರೂಢಿಯ ಸೂತ್ರಗಳು ಅಲ್ಲಿ ದಾರಿ ತಪ್ಪುತ್ತಿದ್ದವು. ಗಾಳಿ ಬೀಸುವ ತಂಪು ದೇಶಗಳಲ್ಲಿ ಕೂತವರಿಗೆ ಇದು ದೊಡ್ಡ ಚಿಂತೆಯಲ್ಲ. ನಮ್ಮ ಬಿಸಿಲಿನಲ್ಲಿ ದಿನನಿತ್ಯದ ಮಾತು.

ಮೋಡವನ್ನು ಅವರು ನೀರಿನ ತೊಟ್ಟಿಗೇ ತಂದರು. ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖವೇ ಮೋಡವನ್ನು ಮೇಲಕ್ಕೆ ದೂಡುವುದು. ಅದನ್ನು ಅನುಕರಿಸಲು, ತೊಟ್ಟಿಯೊಳಗೆ ಚಿಮ್ಮುವ ನೀರಿಗೆ ಸ್ವಲ್ಪ ಆಮ್ಲ ಬೆರೆಸಿ, ಅದರ ಮೂಲಕ ವಿದ್ಯುತ್ ಹಾಯಿಸಿ, ಹರಿಯುತ್ತಿರುವಾಗಲೇ ಒಳಗಿನಿಂದ ಬಿಸಿಮಾಡಿದರು. ಶಾಖ ಸಿಕ್ಕೊಡನೆ ಚಿಲುಮೆಯ ದೊಡ್ಡ ಸುಳಿಗಳ ಕಟ್ಟು ಒಡೆದು, ಅಕ್ಕಪಕ್ಕದ ನೀರನ್ನು ಒಳಗೆಳೆದುಕೊಳ್ಳುವುದು ಕಡಿಮೆಯಾಯಿತು. ಮುಂಗಾರಿನ ಮೋಡ ಅಗಲವಾಗದೆ ಗೋಪುರದಂತೆ ಏಕೆ ಎದ್ದು ನಿಲ್ಲುತ್ತದೆ ಎಂಬುದಕ್ಕೆ ಇದೊಂದು ಸುಳಿವು. ಜಿ. ಎಸ್. ಭಟ್ ಅವರೊಡನೆ 1996ರಲ್ಲಿ ಪ್ರಕಟಿಸಿದ ಈ ಕೆಲಸ, ಇನ್ನೂ ಕೆಲವರು ಕೂಡಿಕೊಂಡು 2011ರವರೆಗೆ ಬೆಳೆಯಿತು.

ಅವರ ಹುದ್ದೆ ಬಿರುದುಗಳ ಪಟ್ಟಿ ಉದ್ದವಿದೆ: 1984ರಿಂದ 1993ರವರೆಗೆ ಎನ್.ಎ.ಎಲ್. ನಿರ್ದೇಶಕರು, 1992ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ, 2013ರಲ್ಲಿ ಪದ್ಮವಿಭೂಷಣ. ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ, ಎನ್.ಎ.ಎಲ್.ನಲ್ಲಿ ಹರಿವಿನ ಲೆಕ್ಕಗಳಿಗೆಂದೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿದರು. ದೆಹಲಿಯ ಹವಾಮಾನ ಮುನ್ಸೂಚನೆಗೆ ಅಮೆರಿಕದ ಕ್ರೇ ಯಂತ್ರ ಬಂದಿಳಿಯುವ ಮೊದಲಿನ ಮಾತು. ಶಿಷ್ಯ ಶ್ರೀನಿವಾಸನ್ ಇಟಲಿಯ ಟ್ರಿಯೆಸ್ಟೆಯಲ್ಲಿ ಅಂತರರಾಷ್ಟ್ರೀಯ ಭೌತವಿಜ್ಞಾನ ಕೇಂದ್ರದ ನಿರ್ದೇಶಕರಾದರು. ಒಂದು ಮೀಟರು ಎತ್ತರದ ಪಾತ್ರೆಯಲ್ಲಿ ಅತಿಶೀತಲ ಹೀಲಿಯಂ ತುಂಬಿ, ಅದಕ್ಕೆ ತಳದಿಂದ ಶಾಖ ಕೊಟ್ಟು, ವಾತಾವರಣದಲ್ಲಿ ಕಾಣುವಂತಹ ಭಾರಿ ಪ್ರಕ್ಷುಬ್ಧತೆಯನ್ನು ಪ್ರಯೋಗಶಾಲೆಗೆ ತಂದ 2000ದ ಪ್ರಯೋಗದ ತಂಡದಲ್ಲಿ ಅವರಿದ್ದರು.

ನೀವು ಮಾಡಬಹುದಾದ ಪ್ರಯೋಗಕ್ಕೆ ಹೀಲಿಯಂ ಬೇಕಿಲ್ಲ. ಒಂದೇ ಬಗೆಯ ನಾಲ್ಕು ಸಣ್ಣ ಥರ್ಮಾಮೀಟರು ಸಾಕು. ಮೊದಲು ನಾಲ್ಕನ್ನೂ ಒಂದೇ ಲೋಟದ ನೀರಿನಲ್ಲಿಟ್ಟು ಒಂದೇ ಅಂಕಿ ತೋರಿಸುತ್ತವೆಯೇ ನೋಡಿಕೊಳ್ಳಿ. ನಕ್ಷತ್ರ ಕಾಣುವ, ಎಲೆ ಅಲುಗದ ರಾತ್ರಿಯೊಂದನ್ನು ಆರಿಸಿ (ನಮ್ಮೂರಿನಲ್ಲಿ ನಕ್ಷತ್ರ ಕಾಣುವುದೇ ಕಷ್ಟ, ಫೆಬ್ರುವರಿ ವಾಸಿ), ಕಾಲನಿಯ ಪಾರ್ಕಿನಲ್ಲಿ ಹುಲ್ಲಿಲ್ಲದ ಜಾಗದಲ್ಲಿ ಒಂದು ಕೋಲು ನೆಡಿ. ನೆಲಕ್ಕೆ ತಾಗಿ ಒಂದು, ಗೇಣೆತ್ತರದಲ್ಲಿ ಒಂದು, ಮೊಣಕಾಲೆತ್ತರದಲ್ಲಿ ಒಂದು, ತಲೆಯೆತ್ತರದಲ್ಲಿ ಒಂದು ಥರ್ಮಾಮೀಟರು ಕಟ್ಟಿ. ಸಂಜೆ ಏಳರಿಂದ ಹನ್ನೊಂದರವರೆಗೆ ಅರ್ಧ ಗಂಟೆಗೊಮ್ಮೆ ಬರೆದಿಟ್ಟುಕೊಳ್ಳಿ, ಪಕ್ಕದಲ್ಲೇ ಒಂದು ಊದುಬತ್ತಿಯೂ ಇರಲಿ. ಚೌಕೀದಾರ ಕೇಳಿದರೆ ಅವನಿಗೂ ತೋರಿಸಿ. ಅಂಕಿಗಳನ್ನು ಸಂಘಕ್ಕೆ ತಂದುಕೊಟ್ಟರೆ, ಗೇಣೆತ್ತರದ ಥರ್ಮಾಮೀಟರು ನೆಲದ್ದಕ್ಕಿಂತ ಕೆಳಗಿಳಿದಿದೆಯೋ ಇಲ್ಲವೋ ಎಂದು ಎಲ್ಲರೂ ಸೇರಿ ನೋಡೋಣ.